ನೆಲ ಬೆಚ್ಚಗಿದ್ದರೆ

ಗ್ರೋನಿಂಗನ್ನಿನ ಪ್ರಯೋಗಾಲಯದ ಮೂರನೆಯ ಮಹಡಿಯಲ್ಲಿ
ರಾತ್ರಿ ಪಾಳಿ ನನ್ನದು.
ಇಲ್ಲಿನ ಇಲಿಗಳಿಗೆ ನಾವು ದೀಪ ಹಚ್ಚಿದರೆ ಹಗಲು,
ಆರಿಸಿದರೆ ಇರುಳು.
ಕೆಂಪು ಬೆಳಕಿನಡಿ ಬಟ್ಟಲು ತೊಳೆಯುತ್ತೇನೆ, ಹೊಟ್ಟು ಬದಲಿಸುತ್ತೇನೆ,
ಎಷ್ಟು ತಿಂದವು ಎಷ್ಟು ಬಿಟ್ಟವು ಬರೆದಿಡುತ್ತೇನೆ.
ಹದಿನೇಳು ವರ್ಷ ಇನ್ನೊಂದರ ಹಸಿವಿಗೆ ಲೆಕ್ಕ ಬರೆದವಳು
ಮನೆಯ ತಟ್ಟೆಯಲ್ಲಿ ಉಳಿದದ್ದನ್ನು
ಕಾಣಲಿಲ್ಲ.

ಪಕ್ಕದ ಕೋಣೆಯಲ್ಲಿ, ಹೊಟ್ಟೆ ತುಂಬಿದ ಇಲಿಯೊಂದರ ನೆತ್ತಿಗೆ
ಕೂದಲೆಳೆಯಂಥ ಗಾಜಿನ ನಾಳ.
ನೀಲಿ ಬೆಳಕು ಹರಿಸಿದರೆ
ಮಿದುಳಿನ ತಳದ ಕೆಲವು ಸಾವಿರ ಕೋಶಗಳು
ಮರಿಹಕ್ಕಿಗಳ ಹಾಗೆ ಒಟ್ಟಿಗೆ ಬಾಯಿ ತೆರೆಯುತ್ತವೆ.
ಇಲಿ ಉಂಡದ್ದು ಮರೆತು ಮತ್ತೆ ಉಣ್ಣುತ್ತದೆ.
ಬೆಳಕು ಆರಿತೋ,
ಕೈಯಲ್ಲಿದ್ದ ಕಾಳು ಕೆಳಗಿಟ್ಟು
ಮುಖ ತೊಳೆದುಕೊಳ್ಳುತ್ತದೆ, ಏನೂ ಆಗಿಲ್ಲವೆಂಬಂತೆ.
ಮೊದಲ ಸಲ ಕಂಡಾಗ ನಕ್ಕಿದ್ದೆ.
ಆಗ ಹಿಸ್ಕೆಗೆ ಹದಿಮೂರು.

ಆಮೇಲೆ ಅವಳು ನಸುಕಿಗೇ ಎದ್ದು ಸೈಕಲ್ಲೇರಿ
ಕಾಲುವೆಯ ದಂಡೆಗುಂಟ ಹೋಗತೊಡಗಿದಳು,
ಎದುರು ಗಾಳಿಯಿರುವ ದಾರಿಯನ್ನೇ ಹುಡುಕಿ.
ಗಟ್ಟಿಗಿತ್ತಿ ಎಂದು ಬೀಗಿದೆ ನಾನು,
ನೆರೆಯವರಿಗೂ ಹೇಳಿದೆ.
ಜೂನ್ ತಿಂಗಳಲ್ಲೂ ಉಣ್ಣೆಯ ಕೈಗವಸು.
'ಶಾಲೆಯಲ್ಲಿ ತಿಂದೆ, ಅಮ್ಮ.'
'ಗೆಳತಿಯ ಮನೆಯಲ್ಲಿ ತಿಂದೆ.'
ಊಟ ಬಲ್ಲವನಿಗೆ ರೋಗವಿಲ್ಲವಂತೆ.
ಬಲ್ಲದ್ದನ್ನೇ ಮರೆಸುವ ರೋಗಕ್ಕೆ
ಯಾರಾದರೂ ಗಾದೆ ಕಟ್ಟಿದ್ದಾರೆಯೇ?

ವಾರ್ಡಿನ ವೈದ್ಯೆ ಕಾಗದದ ಮೇಲೆ ಮಿದುಳು ಬರೆದಳು,
ಅಂದವಿಲ್ಲದ ಒಂದು ಆಲೂಗಡ್ಡೆ.
'ಹಸಿವು ಸತ್ತಿಲ್ಲ, ಇಲ್ಲಿ ಕೂಗುತ್ತಲೇ ಇದೆ' ಎಂದು ಚುಕ್ಕೆಯಿಟ್ಟಳು.
'ಬಾಗಿಲು ತೆರೆಯಬೇಕಾದ ಕಡೆ ಭಯ ಕೂತಿದೆ.
ಭಯದ ಬೆನ್ನಿಗೆ ಅಭ್ಯಾಸ. ಇದನ್ನು ಹಟ ಅನ್ನಬೇಡಿ.'
ನಾನು ಆ ಮಾತನ್ನು ಎಷ್ಟೋ ಸಲ ಅಂದಿದ್ದೆ.
ಕಾಗದ ಮಡಚಿ ಕೋಟಿನ ಜೇಬಿಗಿಟ್ಟುಕೊಂಡೆ.

ಹನ್ನೊಂದನೆಯ ಪಂಜರದಲ್ಲಿ ಚಕ್ರವಿದೆ.
ಊಟ ದಿನಕ್ಕೊಂದೇ ಹೊತ್ತು.
ಚಕ್ರವಿಲ್ಲದ ಪಂಜರದಲ್ಲಿ ಇಲಿ ಅಷ್ಟರಲ್ಲೇ ಬದುಕಲು ಕಲಿಯುತ್ತದೆ.
ಚಕ್ರವಿದ್ದರೆ ಓಡುತ್ತದೆ,
ಕರಗಿದಷ್ಟೂ ಹೆಚ್ಚು ಓಡುತ್ತದೆ,
ಬಟ್ಟಲು ಮುಂದಿಟ್ಟಾಗಲೂ.
ಕಿರ್ರ್ ಕಿರ್ರ್ ಎಂಬ ಆ ಸದ್ದು
ನನ್ನ ದಿಂಬಿನವರೆಗೂ ಬರುತ್ತಿತ್ತು.

ನವೆಂಬರಿನ ಒಂದು ಸಂಜೆ ಬೌಕೆ,
ಮೀಸೆ ಸರಿಯಾಗಿ ಮೂಡದ ಸಂಶೋಧಕ ಹುಡುಗ,
ಆ ಪಂಜರದಡಿ ಬಿಸಿ ಹಲಗೆಯಿಟ್ಟು ಹೋದ.
ಎರಡನೆಯ ರಾತ್ರಿ ಚಕ್ರ ನಿಂತಿತು.
ಸತ್ತಿತೆಂದೇ ಓಡಿದೆ.
ಇಲಿ ಬಟ್ಟಲ ಬಳಿ ಕೂತು
ಎರಡೂ ಕೈಯಲ್ಲಿ ಕಾಳು ಹಿಡಿದು ತಿನ್ನುತ್ತಿತ್ತು.
ನೆಲ ಬೆಚ್ಚಗಿದ್ದರೆ ಓಡಬೇಕಿಲ್ಲವೇನೋ.
ತಣ್ಣನೆಯ ಮೈ ತನ್ನ ಬೆಂಕಿ ತಾನೇ ಹೊತ್ತಿಸಲು ಓಡುತ್ತದೇನೋ.
'ಇಲಿ ನಿಮ್ಮ ಮಗಳಲ್ಲ, ವೀತ್ಸ್ಕೆ' ಎಂದ ಬೌಕೆ, ಮೆಲ್ಲಗೆ.
ಗೊತ್ತು.
ಇಲಿಗೆ ಕನ್ನಡಿಯಿಲ್ಲ.
ಇಲಿ ತಾಯಿಗೆ ಸುಳ್ಳು ಹೇಳುವುದಿಲ್ಲ.

ಆದರೂ ಬೆಳಗಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ
ಬಿಸಿನೀರು ತುಂಬಿದ ರಬ್ಬರು ಚೀಲ,
ಅಜ್ಜಿ ಹೆಣೆದ ಹಸಿರು ಉಣ್ಣೆಯ ಹೊದಿಕೆಯಲ್ಲಿ.
ಹಿಸ್ಕೆ ಅದನ್ನು ತೆಗೆದುಕೊಂಡು, ಏನೂ ಕೇಳದೆ,
ಹೊಟ್ಟೆಗೆ ಒತ್ತಿಕೊಂಡಳು.
ಮುಂದೆ ಬಟಾಣಿ ಸೂಪು. ಮೇಲೆ ಕೆನೆಗಟ್ಟುತ್ತಿತ್ತು.
ಇಲಿಯ ಕಥೆ ಹೇಳಿದೆ. ಬೇರೇನು ಹೇಳಲಿ.
'ಅದಕ್ಕೆ ಹೆಸರಿದೆಯಾ?'
'ನಂಬರಿದೆ.'
'ಹೆಸರಿಡು' ಎಂದಳು.
ಆಮೇಲೆ ತುಂಬ ಹೊತ್ತು ಇಬ್ಬರೂ ಹೆಸರು ಯೋಚಿಸಿದೆವು.

ಚಮಚ ಇದ್ದಲ್ಲೇ ಇತ್ತು.
ಮೇಜಿನಡಿ ಅವಳ ಬಲಗಾಲು,
ಎಂಟು ತಿಂಗಳಿಂದ ಕೂತಲ್ಲೇ ಕುಣಿಯುತ್ತಿದ್ದ ಕಾಲು,
ಸುಮ್ಮನಿತ್ತು.
ನಾನು ಬಗ್ಗಿ ನೋಡಲಿಲ್ಲ.
ಮೇಜಿನ ನಡುಕ ನಿಂತದ್ದು ಮೊಣಕೈಗೆ ಗೊತ್ತಾಯಿತು.